ಗಿರಣಿ ಸೊಸಿಯ ಹೊಟ್ಟಿ

ನಮ್ಮ ಓಣ್ಯಾಗ ಏನೂ ಆಗಂಗಿಲ್ಲ ಅಂತ ಯಾರಾದ್ರೂ ಅಂದ್ರ, ಅವರಿಗೆ ಕಟ್ಟಿ ಮ್ಯಾಲ ಕುಂದ್ರಾಕ ಬರಂಗಿಲ್ಲ ಅಂತ ತಿಳೀರಿ. ನಾನು ಕೊಟ್ಟೂರಾಗ ಐವತ್ತು ವರ್ಷದಿಂದ ಒಂದ ಕಟ್ಟಿ ಮ್ಯಾಲ ಕುಂತೇನಿ. ದಿನಕ್ಕೊಂದು ಆಗತಾವ. ಕೆಲವು ನಾನು ನೋಡಿದ್ದು, ಕೆಲವು ಕೇಳಿದ್ದು, ಇನ್ನ ಕೆಲವು, ಸುಳ್ಳು ಯಾಕ ಹೇಳಲಿ, ನಾನ ಹಚ್ಚಿದ್ದು. ಇದು ಆ ಮೂರನೇ ಜಾತೀದು. ಹೇಳದಿದ್ರ ಉಂಡ ಅನ್ನ ಇಳಿಯಂಗಿಲ್ಲ.

ನಮ್ಮ ಮನಿ ಎದುರಿಗೆ ಹಿಟ್ಟಿನ ಗಿರಣಿ ಐತಿ. ಅದರ ಯಜಮಾನಿ ಒಬ್ಬಾಕಿ ಅತ್ತಿ. ಲಿಂಗ ಕಟ್ಟಿದ ಮನಿ, ಬಾಜೂ ಓಣ್ಯಾಗ ಮೀನಿನ ಬುಟ್ಟಿ ಹಾದು ಹೋದ್ರ ಇಲ್ಲಿ ಬಾಗಿಲಾ ಹಾಕ್ಕೊಳ್ಳಾಕಿ. ಹಿರಿ ಸೊಸಿ ಒಮ್ಮೆ ಎದುರು ಮಾತಾಡಿದ್ಲಂತ ಗಂಟು ಕಟ್ಟಿಸಿ ಕೂಡ್ಲಿಗಿ ಬಸ್ಸಿಗೆ ಹತ್ತಿಸಿದ್ಲು. ಎರಡು ವರ್ಷ ಆತು. ಆ ಸೊಸೀನೂ ಬಂದಿಲ್ಲ, ಆಕಿ ಹಿಂದ ಹೋದ ಹಿರಿ ಮಗನೂ ಬಂದಿಲ್ಲ.

ಈಗ ಉಳಿದಾಕಿ ಸಣ್ಣ ಸೊಸಿ. ಹಲವಾಗಲಿನ ಹುಡುಗಿ, ನದಿ ದಂಡೀಯಾಕಿ. ಮದಿವ್ಯಾಗಿ ಮೂರು ವರ್ಷ, ಮಕ್ಕಳಿಲ್ಲ. ತುಂಬಿದ ಜ್ವಾಳದ ಚೀಲ ಹಿಡದ್ರ ಒಂದ ಏಟಿಗೆ ಹೆಗಲ ಮ್ಯಾಲೆ. ಆದ್ರ ಅತ್ತಿ ಒಂದು ಸಲ ಕೆಮ್ಮಿದ್ರ ಅದ ಹುಡುಗಿ ಸೆರಗು ತಲಿ ಮ್ಯಾಲೆ ಎಳಕೊಂಡು ತಲಿ ತಗ್ಗಸತಾಳ.

ಉಪ್ಪು ಬಿಟ್ಟಾಕಿ

ಒಂದು ದಿನ ಆ ಸೊಸಿ ಸಕ್ಕರಿ ಬಿಟ್ಲು. ಆಮ್ಯಾಲೆ ಎಣ್ಣಿ ಬಿಟ್ಲು. ಆಮ್ಯಾಲೆ ಅನ್ನ. ಕಡೀಕ ಉಪ್ಪೂ ಕಮ್ಮಿ ಮಾಡಿದ್ಲು. ಬರೇ ಹೆಸರುಕಾಳು, ಸೌತಿಕಾಯಿ, ಒಂದು ಒಣ ರೊಟ್ಟಿ.

ಅತ್ತಿ ಕೇಳಿದ್ಲಂತ, "ಯಾಕವ್ವ, ನನ್ನ ಕೈ ಅಡಿಗಿ ಸೇರವಲ್ಲದೇನು?"

ಸೊಸಿ ಹೆದರಿಕಿಗೆ ಏನೂ ಹೊಳೀದೆ, "ಹರಕಿ ಐತ್ರಿ ಅತ್ತಿ" ಅಂದುಬಿಟ್ಲು.

ಮುಗೀತು. ಅತ್ತಿ ಮಾರಿ ಮ್ಯಾಲೆ ದೀಪ ಹತ್ತಿದಂಗಾತು. ಮಕ್ಕಳಿಲ್ಲದ ಸೊಸಿ ಹರಕಿ ಹಿಡದಾಳಂದ್ರ ಮತ್ಯಾತಕ್ಕ ಹಿಡದಿರತಾಳ? ಗಿರಣಿಗೆ ಬಂದ ಮಂದಿಗೆಲ್ಲ ಹಿಟ್ಟಿನ ಜೋಡಿ ಈ ಸುದ್ದೀನೂ ಕಟ್ಟಿ ಕಳಸಾಕ ಹತ್ತಿದ್ಲು. ಒಂದು ವಾರದಾಗ ಹೆಂಗಸರು ಬಂದು ಸೊಸಿ ಕಾಲು ಮುಟ್ಟಾಕ ಶುರು ಮಾಡಿದ್ರು. ಕೆಲವರು ಆಕಿ ಕೈಯಿಂದ ಇಬತ್ತಿ ಹಚ್ಚಿಸಿಕೊಂಡ್ರು. ಆಕಿ ಕೈ ಎಲಿ ಅಲ್ಲಾಡಿದಂಗ ಅಲ್ಲಾಡತಿತ್ತು. ಮಂದಿ ಅದನ್ನ ಭಕ್ತಿ ಅಂದ್ರು.

ನಾನು ಬಿಡತೀನೇನು? "ಯಾವ ದೇವರಿಗೆ ಹೊತ್ತೀಯವ್ವ?" ಅಂತ ಎಲ್ಲಾರ ಮುಂದ ಕೇಳಿದ್ನಿ.

ಹುಡುಗಿ ಬೆವತ್ಲು. ಅತ್ತಿ ಮಾರಿ ನೋಡಿದ್ಲು, ನನ್ನ ಮಾರಿ ನೋಡಿದ್ಲು. ಬಾಯಿಗೆ ಬಂದ ಮೊದಲನೇ ಹೆಸರು ಹೇಳಿಬಿಟ್ಲು: "ಹನುಮಪ್ಪಗ್ರಿ."

ಬ್ರಹ್ಮಚಾರಿ ದೇವರಿಗೆ ಮಕ್ಕಳ ಹರಕಿ ಹೊತ್ತಾಕಿ ಇಡೀ ತಾಲೂಕಿನಾಗ ಆಕಿ ಒಬ್ಬಾಕಿನ ಇರಬೇಕು.

ಮೊದಲ ವಾಂತಿ

ಎರಡು ತಿಂಗಳು ಕಳದಿರಬೇಕು. ಮುಂಜಾನೆ ಕಟ್ಟಿ ಮ್ಯಾಲೆ ಕುಂತೀನಿ, ಗಿರಣಿ ಹಿತ್ತಲ ಬಚ್ಚಲ ಕಡೆ ಸೊಸಿ ಬಗ್ಗಿ ವಾಂತಿ ಮಾಡಿಕೊಳ್ಳಾಕ ಹತ್ಯಾಳ. ಮರುದಿನಾನೂ ಹಂಗ. ಮೂರನೇ ದಿನಾನೂ ಹಂಗ. ಮಾರಿ ಬಾಡೇತಿ, ಕಣ್ಣು ಒಳಗ ಹೋಗ್ಯಾವ.

ನನಗ ನಾಕು ಮಂದಿ ಮಕ್ಕಳು. ಇದನ್ನ ನೋಡಿ ಡಾಕ್ಟರ್ ಹತ್ರ ಹೋಗಬೇಕೇನು? ಸೆರಗು ಸಿಗಸಿಕೊಂಡು ನೆಟ್ಟಗ ಗಿರಣಿಗೆ ಹೋಗಿ ಅತ್ತಿ ಕಿವ್ಯಾಗ, "ಏನವ್ವ, ಸಕ್ಕರಿ ಹಂಚವಲ್ಲೆ?" ಅಂದ್ನಿ.

"ಯಾಕಕ್ಕ?"

"ನಿನ್ನ ಕಣ್ಣಿಗೆ ಹಿಟ್ಟು ಬಡದೈತೇನು? ಮೂರು ದಿನದಿಂದ ಹುಡುಗಿ ಬಚ್ಚಲ ಬಿಟ್ಟು ಎದ್ದಿಲ್ಲ."

ಅತ್ತಿ ಸೊಸೀನ್ನ ಒಂದು ಮಾತು ಕೇಳಲಿಲ್ಲ. ಓಡುತಿದ್ದ ಗಿರಣಿ ಬಂದ್ ಮಾಡಿದ್ಲು. ಮಧ್ಯಾಹ್ನದೊಳಗ ಓಣಿಗೆಲ್ಲ ಸಕ್ಕರಿ ಹಂಚಿದ್ಲು. ಸಣ್ಣ ಮಗ ಊಟಕ್ಕಂತ ಮನಿಗೆ ಬಂದ್ರ ಬಾಗಿಲಾಗ ಹತ್ತು ಮಂದಿ ನಿಂತು, "ಅಪ್ಪ ಆದಿಯಪ್ಪ!" ಅಂದ್ರು. ಆ ಮಗ ಹೆಂಡ್ತಿ ಕಡೆ ನೋಡಿದ, ಹೆಂಡ್ತಿ ಗ್ವಾಡಿ ಕಡೆ ನೋಡಿದ್ಲು. ಇಬ್ಬರ ಮಾರೀನೂ ಸುಣ್ಣದಂಗ ಆಗಿದ್ದು ನಾನು ಕಣ್ಣಾರೆ ಕಂಡೀನಿ.

ಅವನು ಬಾಯಾಗಿನ ಸಕ್ಕರಿ ಕಷ್ಟಪಟ್ಟು ನುಂಗಿ ಕೇಳಿದ: "ಯವ್ವ, ಇದು ಆಕಿಗಾದ್ರೂ ಗೊತ್ತೈತೇನು?"

ಗ್ಯಾರೇಜಿನ ಮ್ಯಾಲಿನ ಮಾಳಿಗಿ

ಬಸುರಿ ಅಂತ ಗೊತ್ತಾದ ಮ್ಯಾಲೆ ಆಕಿ ಮ್ಯಾಲೆ ನನ್ನ ಕಣ್ಣು ಇನ್ನೂ ಗಟ್ಟಿ ಆತು. ದಿನಾ ಹತ್ತು ಗಂಟೆಕ್ಕ ಹೊಲಿಗಿ ಕಲಿಯಾಕ ಹೋಗತೀನಂತ ಬ್ಯಾಗು ಹಿಡಕೊಂಡು ಹೊಂಡತಿದ್ಲು. ಒಂದಿನ ಹಿಂದ ಹೋದ್ನಿ. ನೋಡ್ತೀನಿ, ಬಸ್ ಸ್ಟ್ಯಾಂಡ್ ಹಿಂದಿನ ಗ್ಯಾರೇಜಿನ ಮೆಟ್ಲು ಹತ್ತಾಕ ಹತ್ಯಾಳ! ಬಸುರಿ ಹೆಂಗಸು, ಗ್ಯಾರೇಜು, ಮ್ಯಾಲೆ ಮಾಳಿಗಿ. ನನಗ ಹೆದರಿಕಿ ಅರ್ಧ, ಖುಷಿ ಅರ್ಧ. ಹತ್ತು ವರ್ಷಕ್ಕ ಸಾಕಾಗೋ ಸುದ್ದಿ ಸಿಗತೈತಿ ಅಂತ ಮಣಕಾಲು ನೋವು ಮರೆತು ಮೆಟ್ಲು ಹತ್ತಿದ್ನಿ.

ಬಾಗಿಲಾ ದೂಡಿದ್ರ ಒಳಗ ಜಿಮ್ಮು. ಹುಡುಗಿ ಸೆರಗಿಲ್ಲ ಏನಿಲ್ಲ, ಗಂಡಸರ ಪ್ಯಾಂಟು ಹಾಕ್ಕೊಂಡು, ಹೆಗಲ ಮ್ಯಾಲೆ ಕಬ್ಬಿಣದ ಸರಳು ಹೊತ್ತು, ಅದರ ಎರಡೂ ತುದಿಗೆ ಬಂಡಿ ಗಾಲಿಯಂಥಾ ತಟ್ಟಿ, ಕುಂದ್ರತಾಳ, ಏಳತಾಳ. ಒಬ್ಬ ಮಾಸ್ತರ ಹಿಂದ ನಿಂತು, "ಇನ್ನೊಂದು! ಇನ್ನೊಂದು!" ಅನ್ನಾಕ ಹತ್ಯಾನ.

ನಾನು ಬಾಯಿ ಬಡಕೊಂಡ್ನಿ. "ಅಯ್ಯಯ್ಯೋ, ಬಸುರಿ ಹುಡುಗಿನ್ನ ಕೊಲ್ಲಾಕ ಹತ್ಯಾರ್ರೋ!"

ಮಾಸ್ತರ ಹೆದರಿ ಎರಡು ಹೆಜ್ಜಿ ಹಿಂದಕ್ಕ ಸರದ. ಹುಡುಗಿ ಸರಳು ಇಳಿಸಿ ಓಡಿ ಬಂದು ನನ್ನ ಕಾಲು ಹಿಡಕೊಂಡ್ಲು. "ಅಜ್ಜಿ, ನಿಮ್ಮ ಕಾಲಿಗೆ ಬೀಳತೀನಿ, ಅತ್ತಿಗೆ ಹೇಳಬ್ಯಾಡ್ರಿ. ನಾನು ಬಸುರಿ ಅಲ್ರಿ. ವಾಂತಿ ಆಗಿದ್ದು ಜಿಮ್ಮಿನ ಪ್ರೋಟೀನ್ ಪೌಡರ್ ಕುಡದು. ದಾವಣಗೆರ್ಯಾಗ ಕಾಂಪಿಟೇಶನ್ ಐತಿ. ಮೈಕಟ್ಟು ತೋರಸೋದು. ನನ್ನ ಮೊದಲನೇದು."

"ಹಂಗಾದ್ರ ಬಸುರಿ ಅಲ್ಲ ಅಂತ ಅವತ್ತ ಯಾಕ ಹೇಳಲಿಲ್ಲ?"

"ಅಲ್ಲ ಅಂದ್ರ, ಮತ್ತ ವಾಂತಿ ಯಾಕಂತ ಕೇಳತಿದ್ರು. ಗೊತ್ತಾದ್ರ ಅಕ್ಕನಂಗ ನನ್ನೂ ಬಸ್ಸಿಗೆ ಹತ್ತಸತಾರ. ನಮ್ಮ ಮನಿಯವರಿಗೆ ಗೊತ್ತೈತಿ, ಆದ್ರ ಅವ್ವನ ಎದುರು ಬಾಯಿ ಬಿಡಂಗಿಲ್ಲ. ನಾನು ಹಲವಾಗಲಿಗೆ ಹೋದ್ರ ಅಪ್ಪ ತಲಿ ಎತ್ತಿ ತಿರಗಂಗಿಲ್ಲ."

"ಇಷ್ಟು ಹೆದರಿಕಿ ಇಟ್ಕೊಂಡು ಇದು ಬೇಕಾಗಿತ್ತೇನ ನಿನಗ?"

ಆಕಿ ಕಣ್ಣು ಒರಸಿಕೊಂಡ್ಲು. "ಸಣ್ಣಾಕಿ ಇದ್ದಾಗಿಂದ ಚೀಲ ಎತ್ತೀನಿ ಅಜ್ಜಿ. ಅಲ್ಲಿ ಅಪ್ಪನ ಮನ್ಯಾಗ, ಇಲ್ಲಿ ಗಿರಣ್ಯಾಗ. ಎಲ್ಲಾರೂ ಚೀಲಾನ ನೋಡಿದ್ರು. ಒಂದು ಸಲ ನನ್ನ ನೋಡ್ಲಿ ಅನ್ನಿಸ್ತು."

ನಾನು ನನ್ನ ಸೆರಗಿಲೆ ಆಕಿ ಬೆವರು ಒರಸಿದ್ನಿ. ಇಂಥಾದ್ದು ನಾನು ವರ್ಷಕ್ಕೊಮ್ಮೆನೂ ಮಾಡಂಗಿಲ್ಲ.

ಅಷ್ಟರಾಗ ಕೆಳಗಿನಿಂದ ಗ್ಯಾರೇಜ್ ಯಜಮಾನನ ಹೆಂಡ್ತಿ, ಭಾಬಿ, ಒಂದು ತಾಟು ಹಿಡಕೊಂಡು ಬಂದ್ಲು. ತಾಟಿನ ತುಂಬ ಕುದಿಸಿದ ತತ್ತಿ, ಬರೇ ಬಿಳೇದು. ಲಿಂಗ ಕಟ್ಟಿದ ಮನಿ ಸೊಸಿಗೆ ತತ್ತಿ! ನನ್ನ ಕಣ್ಣು ಕತ್ತಲಿಗಟ್ಟಿತು.

"ಅಜ್ಜಿ, ಖುದಾ ಕಸಂ, ಯಾರಿಗೂ ಹೇಳಬ್ಯಾಡ್ರಿ," ಅಂದ್ಲು ಭಾಬಿ. "ಬಿಳೇದು ಈಕಿಗೆ, ಹಳದಿ ನಮಗ. ದಿನಾ ಹನ್ನೆರಡು ಹಳದಿ. ಹಳದಿ ಪಲ್ಯ, ಹಳದಿ ಖೀಮಾ, ಹಳದಿ ಬಿರ್ಯಾನಿ. ನಮ್ಮ ಯಜಮಾನ್ರ ರಕ್ತ ನೋಡಿ ಡಾಕ್ಟರ್ ಕುರ್ಚಿ ಬಿಟ್ಟು ಎದ್ದು ನಿಂತ್ರು. ಈಕಿಗೆ ಕಪ್ ಬರೋದರಾಗ ನಮ್ಮ ಮನ್ಯಾಗ ಹಾರ್ಟ್ ಅಟ್ಯಾಕ್ ಬರತೈತಿ."

ಕಳ್ಳ ಕುಬಸ

ಹೇಳಂಗಿಲ್ಲ ಅಂತ ಆಣಿ ಮಾಡಿದ್ನಿ. ಹೇಳದೆ ಇರೋದಂದ್ರ ಏನಂತ ಆವಾಗ ಗೊತ್ತಾತು. ಬಾಯಾಗ ಬಿಸಿ ಬದನಿಕಾಯಿ ಇಟ್ಕೊಂಡಂಗ. ಮನ್ಯಾಗ ನಮ್ಮ ಮುದುಕಗ ಹೇಳಿದ್ನಿ, ಅವಗ ಕಿವಿ ಕೇಳಂಗಿಲ್ಲ ಅನ್ನೋ ಧೈರ್ಯದ ಮ್ಯಾಲೆ.

ಅತ್ತಲಾಗ ಅತ್ತಿ ಖುಷಿ ತಡೀಲಾರದೆ ಕಳ್ಳ ಕುಬಸ ಇಟ್ಟುಬಿಟ್ಲು. ಮೂರನೇ ತಿಂಗಳಾಗ ಹೊರಗಿನವರಿಗೆ ಹೇಳದೆ ಮನಿ ಮಟ್ಟಿಗೆ ಮಾಡೋ ಸೀಮಂತಕ್ಕ ನಮ್ಮಲ್ಲಿ ಹಂಗಂತಾರ. ಹೇಳದೆ ಅಂದ್ರೂ ಅರವತ್ತು ಹೆಂಗಸರು ಬಂದಿದ್ರು. ಹಡಗಲಿಯಿಂದ ಮಲ್ಲಿಗಿ ದಂಡಿ ತರಿಸಿದ್ಲು. ಹಸಿರು ಸೀರಿ, ಹಸಿರು ಬಳಿ.

ಕಾಂಪಿಟೇಶನ್ನಿಗೆ ಉಳಿದಿದ್ದು ಇಪ್ಪತ್ತು ದಿನ. ಮಾಸ್ತರ ಹುಡುಗಿಗೆ ಹೇಳಿದ್ದ, "ಒಂದು ಹೋಳಗಿ ತಿಂದ್ರ ಒಂದು ವಾರದ್ದು ಹೋಗತೈತಿ" ಅಂತ. ಆಕಿ ಮುಂದ ಒಂಬತ್ತು ಹೋಳಗಿ, ಮ್ಯಾಲೆ ತುಪ್ಪ ಹರೀತೈತಿ. ಹುಡುಗಿ ಕಣ್ಣಾಗ ದಳದಳ ನೀರು. ನಾಕು ತಿಂಗಳಿಂದ ಸಿಹಿ ವಾಸನಿ ಕಾಣದಾಕಿ, ಹಸಿವಿಗೆ ಅಳಾಕ ಹತ್ಯಾಳ. ಹೆಂಗಸರು, "ನೋಡ್ರಿ, ತವರು ನೆನಪಾತು ಪಾಪ" ಅಂತ ತಾವೂ ಕಣ್ಣು ಒರಸಿಕೊಂಡ್ರು.

ನಮ್ಮ ಮುದುಕ ಇನ್ನೂ ಅದಾನಲ್ಲ, ಮುತ್ತೈದಿ ಅಂತ ಆಕಿ ಬಗಲಾಗ ನನ್ನ ಕುಂದ್ರಿಸಿದ್ರು. ಹುಡುಗಿ ತುಟಿ ಅಲ್ಲಾಡಿಸದೆ, "ಅಜ್ಜಿ, ನನ್ನ ಉಳಸ್ರಿ" ಅಂದ್ಲು. ಏನು ಮಾಡಲಿ? ಹಾಡು ಹಾಡೋವಾಗೊಂದು, ಆರತಿ ಎತ್ತೋವಾಗೊಂದು, ಯಾರೋ ಸೀನಿದಾಗೊಂದು, ಹಿಂಗ ಆಕಿ ತಾಟಿಂದ ನನ್ನ ಬಾಯಿಗೆ ಒಂಬತ್ತೂ ಸಾಗಿಸಿದ್ನಿ. ಪ್ರತಿ ತುತ್ತಿಗೂ ಅತ್ತಿ ಈಗ ತಿರುಗತಾಳ, ಈಗ ತಿರುಗತಾಳ ಅಂತ ಜೀವ ಕೈಯಾಗ ಹಿಡಕೊಂಡು ತಿಂದೀನಿ. ರುಚಿ ಮಾತ್ರ ಚಲೋ ಇತ್ತು.

ಅತ್ತಿ ತಿರುಗಿ ನೋಡಿದ್ರ ತಾಟು ಖಾಲಿ. ತಾಟಿನ ಕೆಳಗೂ ಹಣಿಕಿ ಹಾಕಿದ್ಲು. ಆಮ್ಯಾಲೆ ಅತ್ತಿ ಎರಡೂ ಕೈ ಎತ್ತಿ ಜಗಲಿ ಕಡೆ ಮುಗಿದ್ಲು.

"ಒಂಬತ್ತು ಹೋಳಗಿ! ಒಂದು ಕೂಸು ಇಷ್ಟು ಬೇಡಂಗಿಲ್ಲ. ಅವಳಿ ಜವಳಿ!"

ನಾನು ಒಂದು ಸುಳ್ಳು ಹಚ್ಚಿದ್ನಿ, ಈಗ ಅದು ಎರಡಾತು.

ಜೋಡು ಕುಲಾಯಿ

ಆಮ್ಯಾಲೆ ಹತ್ತು ದಿನಕ್ಕ ಕೊರಿಯರ್‌ನವ ಬಂದ. ಹುಡುಗಿ ಗ್ಯಾರೇಜಿಗೆ ಹೋಗಿದ್ಲು. ಪಾರ್ಸಲ್ ಅತ್ತಿ ಕೈಗೆ ಸಿಕ್ತು. ನಾನು ಅಲ್ಲೇ ಗೋದಿ ಹಿಡಕೊಂಡು ಕುಂತಿದ್ನಿ.

ಅತ್ತಿ ಬಿಚ್ಚಿದ್ಲು. ಒಳಗ ಸ್ಟೇಜ್ ಮ್ಯಾಲೆ ಹಾಕ್ಕೊಳ್ಳೋ ಅರಿವಿ. ಎರಡ ತುಂಡು. ಎರಡೂ ಕೂಡಿದ್ರ ನನ್ನ ಎಲಿ ಅಡಿಕಿ ಚೀಲದಷ್ಟು ಇಲ್ಲ. ಮ್ಯಾಲೆ ಮಿಣಿಮಿಣಿ ಹರಳು. ನಾನು ಹಿಡಕೊಂಡಿದ್ದ ಗೋದಿ ಅರ್ಧ ಚೆಲ್ಲಿತು.

ಅತ್ತಿ ಸಣ್ಣ ತುಂಡು ಎತ್ತಿ ತಿರುಗಿಸಿ ನೋಡಿದ್ಲು. "ಇದು ಚಡ್ಡಿ." ಆಮ್ಯಾಲೆ ಇನ್ನೊಂದು ಎತ್ತಿದ್ಲು. ಆ ಕಡೆ ಹಿಡದ್ಲು, ಈ ಕಡೆ ಹಿಡದ್ಲು. ಅದಕ್ಕ ಎರಡು ಬಟ್ಟಲದಂಥಾವು ಇದ್ವು, ಒಂದರಾಗ ಮುಷ್ಟಿ ಇಟ್ಟು ನೋಡಿದ್ಲು.

"ಯಕ್ಕಾ, ಕುಲಾಯಿ! ಕೂಸಿನ ತಲಿಗೆ ಹಾಕೋ ಕುಲಾಯಿ! ಎರಡು ಅದಾವ ನೋಡು, ಕೂಡಿಸಿ ಹೊಲದಾರ. ಅವಳಿ ಜವಳೀಗಂತ ತರಿಸ್ಯಾಳ!"

"ಹೌದವ್ವ, ಈಗ ಹಿಂಗ ಬರತಾವಂತ," ಅಂದ್ನಿ.

ಅತ್ತಿ ಮಾರಿ ಗಂಟಾತು. "ಆದ್ರ ಹುಟ್ಟೋದ್ರೊಳಗ ಅರಿವಿ ತರಬಾರದಲ್ಲಕ್ಕ? ಕೂಸಿಗೆ ಒಳ್ಳೇದಲ್ಲ. ಕೂಸು ಬರೋತನ ಇದು ಟ್ರಂಕಿನಾಗ ಇರಲಿ. ಕೀಲಿ ಹಾಕ್ತೀನಿ."

ಟ್ರಂಕಿಗೆ ಹೋದ್ರ ಹುಡುಗಿ ಸ್ಟೇಜಿಗೆ ಏನು ಹಾಕ್ಕೊಂತಾಳ? ನಾನು ಅವಸರಕ್ಕ ಬಾಯಿ ಹಾಕಿದ್ನಿ. "ಈ ಮನ್ಯಾಗ ಇಡೋದ ತಪ್ಪು ನೋಡವ್ವ. ಬ್ಯಾರೆ ಮನ್ಯಾಗ ಇಡಬೇಕು. ನನ್ನ ಕೈಯಾಗ ಕೊಡು."

ಕೊಟ್ಲು. ಸೆರಗಿನಾಗ ಮುಚ್ಚಿಕೊಂಡು ಹೊಚ್ಚಲ ದಾಟಬೇಕಂದ್ರ ಹಿಂದಿಂದ ಕರದ್ಲು. ಅಲ್ಲೇ ನಿಂತ್ನಿ.

"ಯಕ್ಕಾ, ಕೂಡಿಸಿ ಹೊಲದಾರಲ್ಲ, ಒಂದು ಕೂಸು ಆಕಡೆ ತಿರುಗಿದ್ರ ಇನ್ನೊಂದರ ಕುತಿಗಿ ಗತಿ ಏನು?"

ದಾವಣಗೆರಿ

ಆ ದಿನ ಬಂತು. ದಾವಣಗೆರ್ಯಾಗ ದೊಡ್ಡ ಡಾಕ್ಟರಿಗೆ ತೋರಸತೀವಿ ಅಂತ ಮಗ ಅವ್ವಗ ಹೇಳಿದ್ದ. "ಅವಳಿ ಜವಳಿ ಹೊತ್ತಾಕಿನ್ನ ಬಸ್ಸಿನಾಗ ನಿನ್ನ ನಂಬಿ ಕಳಸ್ಲೇನು?" ಅಂತ ಅತ್ತಿ ತಾನೂ ಹೊಂಟ್ಲು. ಜೋಡಿಗಿರಲಿ ಅಂತ ನನ್ನೂ ಹತ್ತಿಸಿಕೊಂಡ್ಲು. ಹರಪನಹಳ್ಳಿ ದಾಟಿದ ರಸ್ತೆದಾಗ ಗುಂಡಿ ಬಂದಾಗೆಲ್ಲ ಅತ್ತಿ ಸೊಸಿ ಹೊಟ್ಟಿಗೆ ಕೈ ಅಡ್ಡ ಹಿಡಿಯೋಳು. ಸೊಸಿ ಮೈಕಟ್ಟು ಎದ್ದು ಕಾಣಲಿ ಅಂತ ಹಿಂದಿನ ದಿನದಿಂದ ನೀರು ಸೈತ ಬಿಟ್ಟಿದ್ಲು. ತುಟಿ ಒಡದು ಕುಂತಿತ್ತು.

ನನ್ನ ಕೆಲಸ ಏನಂದ್ರ, ಅತ್ತಿನ್ನ ಸಂಜಿತನ ಸೀರಿ ಅಂಗಡ್ಯಾಗ ತಿರುಗಿಸೋದು. "ಆಸ್ಪತ್ರ್ಯಾಗ ಇಬ್ಬರನ್ನ ಬಿಟ್ಟು ಇನ್ಯಾರನ್ನೂ ಬಿಡಂಗಿಲ್ಲಂತ" ಅಂತ ಹೇಳಿ ಕರಕೊಂಡು ಹೋದ್ನಿ. ಎರಡು ಅಂಗಡಿ ತಿರುಗಿದ್ವಿ. ಆದ್ರ ನನ್ನ ಜೀವ ಸುಮ್ಮನಿರಬೇಕಲ್ಲ? ಇಷ್ಟು ದಿನ ಹೊತ್ತು ತಿರುಗಿದ ಗುಟ್ಟು ಕಣ್ಣಿಗೆ ಕಾಣೋ ದಿನ ನಾನು ಸೀರಿ ಮಡಚಿಕೋತ ಕುಂದ್ರಲೇನು? ಮಾಸ್ತರ ಹೇಳಿದ್ದ, "ಮೈಗೆ ಹುರಿದ ಕಡ್ಲಿ ಬಣ್ಣ ಬಳೀತೀವಿ ಅಜ್ಜಿ, ಗಂಡನೂ ಗುರುತು ಹಿಡಿಯಂಗಿಲ್ಲ" ಅಂತ. ಗಂಡ ಹಿಡಿಯದಿದ್ದ ಮ್ಯಾಲೆ ಅತ್ತಿ ಹಿಡೀತಾಳೇನು ಅಂತ ನನ್ನ ಹುಚ್ಚು ಧೈರ್ಯ.

"ಬಿಸಲು ಬಾಳ ಐತವ್ವ. ಆ ದೊಡ್ಡ ಹಾಲ್‌ನಾಗ ಏನೋ ಫಂಕ್ಷನ್ ನಡದೈತಿ. ಫ್ಯಾನ್ ಅದಾವ. ಒಂದು ಗಳಿಗಿ ಕುಂದ್ರೋಣು ನಡಿ," ಅಂದ್ನಿ.

ಕುಂತ್ವಿ. ಜಾಗ ಸಿಕ್ಕಿದ್ದು ಮುಂದಿನ ಸಾಲಿನಾಗ. ಲೈಟು ಹತ್ತಿದ್ವು. ಐದು ಮಂದಿ ಹುಡುಗೇರು ಬಂದು ನಿಂತ್ರು. ನಾಕನೇ ನಂಬರ್ ನಮ್ಮಾಕಿ.

ಅತ್ತಿ ಮೊದಲು ಕಣ್ಣು ಮುಚ್ಚಿಕೊಂಡ್ಲು. ಆಮ್ಯಾಲೆ ಬಟ್ಟು ಸರಿಸಿ ನೋಡಿದ್ಲು. ಆಮ್ಯಾಲೆ ಕೈ ಪೂರ್ತಿ ತೆಗದ್ಲು.

"ಆ ನಾಕನೇದಾಕಿನ್ನ ನೋಡಕ್ಕ. ಪಕ್ಕೆಲುಬು ಎಣಿಸಬಹುದು. ಯಾವ ಮನಿ ಸೊಸೀನೋ ಪಾಪ, ಅತ್ತಿ ಅನ್ನಾನ ಹಾಕಿಲ್ಲ. ಅಂಥಾ ಅತ್ತೀನ್ನ ಬೀದಿಗೆ ನಿಲ್ಲಿಸಿ ಕೇಳಬೇಕು."

ನಾನು ಕೆಮ್ಮಿದ್ನಿ.

"ಆಕಿ ಹಾಕ್ಕೊಂಡಿದ್ದು ಎಲ್ಲೋ ನೋಡಿದಂಗ ಐತಲ್ಲ?" ಅಂದ್ಲು ಅತ್ತಿ. "ಏಳವ್ವ, ಹೋಗೋಣು, ಬಸ್ಸಿಗೆ ಹೊತ್ತಾತು" ಅಂತ ಕೈ ಜಗ್ಗಿದ್ನಿ. ಏಳಲಿಲ್ಲ.

ಅಷ್ಟರಾಗ ಸ್ಟೇಜ್ ಮ್ಯಾಲೆ ಹುಡುಗಿ ನಗಕೋತ, ತೋಳು ಅಗಲ ಮಾಡಿ, ಮುಂದ ನೋಡಿದ್ಲು. ನೆಟ್ಟಗ ಅತ್ತಿ ಮಾರಿ ಕಂಡಿತು.

ಅತ್ತಿನ್ನ ಕಂಡ ಕೂಡಲೆ ಸೊಸಿ ಏನು ಮಾಡತಾಳ? ಮೂರು ವರ್ಷದಿಂದ ಏನು ಮಾಡ್ಯಾಳೋ ಅದನ್ನ ಮಾಡಿದ್ಲು. ಸಾವಿರ ಮಂದಿ ಮುಂದ, ಮೈ ಮ್ಯಾಲೆ ಎರಡು ತುಂಡು ಅರಿವಿ ಹಾಕ್ಕೊಂಡು, ಬಲಗೈ ಹೆಗಲಿಗೆ ಒಯ್ದು, ಇಲ್ಲದ ಸೆರಗು ಹುಡುಕಿ, ತಲಿ ಮ್ಯಾಲೆ ಎಳಕೊಂಡ್ಲು. ಆಮ್ಯಾಲೆ ತಲಿ ತಗ್ಗಿಸಿದ್ಲು.

ಮಾರ್ಕು ಹಾಕೋ ಮೂರು ಮಂದಿ ಒಬ್ಬರ ಮಾರಿ ಒಬ್ಬರು ನೋಡಿಕೊಂಡ್ರು. ಒಬ್ಬ, "ಇದು ಹೊಸ ಪೋಜು, ತೋಳು ಚಲೋ ಕಾಣತೈತಿ" ಅಂತ ಬರಕೊಂಡ.

ಅತ್ತಿ ನನ್ನ ಮುಂಗೈ ಹಿಡಕೊಂಡ್ಲು. ಬಳಿ ಒಂದು ಒಡೀತು. "ಯಕ್ಕಾ," ಅಂದ್ಲು. ಅಷ್ಟ. ನಾನು ದೇವರ ಹೆಸರೆಲ್ಲ ಮುಗಿಸಿ ಎರಡನೇ ಸುತ್ತು ಶುರು ಮಾಡಿದ್ನಿ.

ಅಷ್ಟರಾಗ ನಮ್ಮ ಬಾಜೂಕ ಕುಂತ ಒಬ್ಬ ಮೀಸಿ ಮನಷ್ಯಾ ಗೆಳೆಯಗ ಹೇಳಿದ: "ನಾಕನೇ ನಂಬರ್ ಬಿಡಪ್ಪ, ಬೆನ್ನ ಇಲ್ಲ."

ಅತ್ತಿ ಗರಕ್ಕನ ತಿರುಗಿದ್ಲು. "ಏನಂದಿ? ಬೆನ್ನಿಲ್ಲ? ಮೂರು ವರ್ಷ ನನ್ನ ಗಿರಣ್ಯಾಗ ಚೀಲ ಹೊತ್ತ ಬೆನ್ನದು! ನೀ ಒಂದು ಚೀಲ ಎತ್ತಿ ತೋರಸು ನೋಡೋಣು!" ಎದ್ದು ನಿಂತು ಸ್ಟೇಜಿನ ಕಡೆ ಕೂಗಿದ್ಲು: "ತಿರುಗ ಲೇ ಹುಡುಗಿ! ತಿರುಗಿ ತೋರಸು ಇವನಿಗೆ!"

ಅತ್ತಿ ಮಾತು ಮೀರಿ ಗೊತ್ತಿಲ್ಲ ಆಕಿಗೆ. ತಿರುಗಿದ್ಲು. ಹಾಲ್ ತುಂಬ ಸೀಟಿ.

ಐದು ಮಂದ್ಯಾಗ ಮೂರನೇದಾಕಿ ಆದ್ಲು.

ಅತ್ತಿ ಸ್ಟೇಜಿನ ಹಿಂದಕ್ಕ ಹೋದ್ಲು. ನಾನು ಹಿಂದಿಂದ. ಹುಡುಗಿ ಮೆಡಲ್ ಹಾಕ್ಕೊಂಡು, ಟಾವೆಲ್ ಸುತ್ತಿಕೊಂಡು ಮೂಲಿ ಹಿಡದು ನಿಂತಿದ್ಲು. ಮಗ ಪರದೆ ಹಿಂದ ನಿಂತಿದ್ದ. ಅವನ ಕಾಲು ಅಷ್ಟ ಕಾಣತಿದ್ವು. ಅತ್ತಿ ಸೊಸಿ ಹೊಟ್ಟಿ ಮ್ಯಾಲೆ ಅಂಗೈ ಇಟ್ಟು ಒತ್ತಿದ್ಲು.

"ಬೀಸೋ ಕಲ್ಲು ಇದ್ದಂಗ ಐತಿ. ಒಳಗ ಏನೂ ಇಲ್ಲೇನು?"

"ಇಲ್ರಿ ಅತ್ತಿ."

"ಒಂದೂ ಇಲ್ಲೇನು?"

"ಒಂದೂ ಇಲ್ರಿ."

ಅತ್ತಿ ಕಣ್ಣು ತುಂಬಿತು. ಅದನ್ನ ಯಾರಿಗೂ ತೋರಸದಂಗ ಮಾರಿ ತಿರುಗಿಸಿ, "ಗಂಟು ಕಟ್ಟು" ಅಂದ್ಲು.

ಹುಡುಗಿ ನೆಲಕ್ಕ ಕುಸಿದ್ಲು. ಪರದೆ ಹಿಂದಿನ ಕಾಲು ಅಲ್ಲಾಡಿದ್ವು. "ಯವ್ವ, ಆಕಿನ್ನ ಕಳಿಸಿದ್ರ ನಾನೂ..." ಅಂತ ಹೆಣದಂಥಾ ದನಿ ಬಂತು.

"ಸುಮ್ಮನಿರಲೇ. ಒಬ್ಬನ್ನ ಕಳಕೊಂಡೀನಿ, ಸಾಕು. ಗಂಟು ಕಟ್ಟು ಅಂದ್ರ ಬಸ್ಸು ತಪ್ಪತೈತಿ ಅಂತ. ಮನಿಗೆ ಹೋಗೋಣು. ಹುಡುಗಿಗೆ ಮೊದಲು ನೀರು ಕುಡಸು."

ಹುಡುಗಿ ಗಟಗಟ ನೀರು ಕುಡದ್ಲು. ಆವಾಗ ಮಗ ಪರದೆ ಸರಿಸಿ ಹೊರಗ ಬಂದು ಮೆಲ್ಲಕ ಕೇಳಿದ: "ಆದ್ರ ಯವ್ವ, ಓಣಿಗೆಲ್ಲ ಸಕ್ಕರಿ ಹಂಚಿ, ಕುಬಸ ಮಾಡೇವಿ. ಅವಳಿ ಜವಳಿ ಎಲ್ಲಿ ಅಂದ್ರ ಏನು ಹೇಳೋಣು?"

ಅತ್ತಿ ನಿಧಾನಕ ನನ್ನ ಕಡೆ ತಿರುಗಿದ್ಲು.

"ಹೇಳೋದೇನೈತಿ? ಮೊದಲು ಅವು ಮೂಡಿದ್ದು ಅಕ್ಕನ ಬಾಯಾಗ. ಇನ್ನೂ ಆರು ತಿಂಗಳು ಟೈಮ್ ಐತಿ. ಈ ಅಕ್ಕ ತಾನ ಹಡೀಲಿ, ಬಾಣಂತನ ನಾನು ಮಾಡತೀನಿ."